ನಾಲ್ಕನೆಯ ವಾಕ್ಯ

ರಬ್ಬರು ಹಾಕಿ ತಿಕ್ಕಿದಷ್ಟೂ ಕ್ಯಾಲೆಂಡರಿನ ಹಾಳೆ ಬೆರಳಡಿಯಲ್ಲಿ ಬಿಸಿಯಾಗುತ್ತಿತ್ತೇ ಹೊರತು ಗೀಟುಗಳು ಹೋಗಲೊಲ್ಲವು. ಮಂಗಳವಾರದ ಚೌಕದಲ್ಲಿ, ತಾರೀಕಿನ ಕೆಳಗೆ, ಪೆನ್ಸಿಲಿನಿಂದ ಎಳೆದ ಏಳು ಸಣ್ಣ ಗೀಟು. ಸೀಸದ ಕಪ್ಪು ಹೋಯಿತು, ಕಾಗದದೊಳಗೆ ಒತ್ತಿ ಕೂತ ಗುರುತು ಹೋಗಲಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು. ಅಷ್ಟು ಒತ್ತಿ ಎಳೆದಿದ್ದೆನೇ ಎಂದು ನಾಗರತ್ನಾ ತನ್ನನ್ನೇ ಕೇಳಿಕೊಂಡಳು. ಸೋಮವಾರದ ಗೀಟುಗಳು ತೆಳ್ಳಗಿದ್ದವು, ಹಿಂದಿನ ವಾರದವೂ ತೆಳ್ಳಗಿದ್ದವು. ಮಂಗಳವಾರದ್ದರಲ್ಲಿ ಮೊದಲ ಮೂರು ತೆಳ್ಳಗೆ, ನಾಲ್ಕನೆಯದರಿಂದ ಮುಂದಕ್ಕೆ ಪೆನ್ಸಿಲು ಕಾಗದವನ್ನು ಕೊರೆದಿತ್ತು. ಅವಳು ಹಾಳೆಯನ್ನು ಬಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಶನಿವಾರ, ಬೆಳಗಿನ ಹನ್ನೊಂದು ಗಂಟೆ. ರಿಚರ್ಡ್ಸ್ ಟೌನಿನ ಈ ಹಳೆಯ ಮನೆಯಲ್ಲಿ ಈಗ ಅವಳೊಬ್ಬಳೇ. ಮನೆಯ ಯಜಮಾನಿ ಜಹನಾರಾ ಮೇಡಂ ಸೊಂಟದ ಮೂಳೆಗೆ ರಾಡು ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರು. ಅವರ ಅಣ್ಣನ ಮಗಳು ಆತಿಕಾ ಬೆಳಿಗ್ಗೆ ಫೋನು ಮಾಡಿ ಕನ್ನಡಕ, ಎರಡು ನೈಟಿ, ಮಂಚದ ಪಕ್ಕದ ಚಿಕ್ಕ ರೇಡಿಯೋ ಇಷ್ಟನ್ನು ತಂದುಕೊಡಲು ಹೇಳಿದ್ದಳು. ‘ಮೂರು ಗಂಟೆಗೆಲ್ಲ ಬಂದ್ಬಿಡಿ. ನಾಲ್ಕಕ್ಕೆ ಮರೆವಿನ ಡಾಕ್ಟ್ರು ಬರ್ತಾರೆ. ಅವ್ರು ನಿಮ್ಮನ್ನೂ ಏನಾದ್ರೂ ಕೇಳ್ಬಹುದು.’ ಕನ್ನಡಕ ತರಲು ಬಂದವಳು ಕನ್ನಡಕವನ್ನು ಮುಟ್ಟದೆ ಒಂದು ಗಂಟೆಯಿಂದ ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಮುಂದೆ ನಿಂತಿದ್ದಳು.

ಪಾಠ ಹೇಳದಿದ್ದರೆ ಉಂಡ ಅನ್ನ ಅರಗದ ಹೆಂಗಸು ಮೇಡಂ. ನಲವತ್ತು ವರ್ಷ ಹುಡುಗಿಯರ ಶಾಲೆಯಲ್ಲಿ ಇಂಗ್ಲಿಷು ಹೇಳಿದ್ದರು. ಶಾಲೆ ಬಿಟ್ಟಮೇಲೆ ಕೈಗೆ ಸಿಕ್ಕಿದವಳು ನಾಗರತ್ನಾ, ಹಗಲು ಹೊತ್ತು ಮುದುಕರನ್ನು ನೋಡಿಕೊಳ್ಳಲು ಜನರನ್ನು ಕಳಿಸುವ ಏಜೆನ್ಸಿಯಿಂದ ಎರಡು ವರ್ಷದ ಹಿಂದೆ ಬಂದವಳು. ಬಂದ ಮೊದಲ ವಾರವೇ ಕಾನೂನಾಯಿತು: ಹತ್ತರಿಂದ ಹನ್ನೆರಡರವರೆಗೆ ಈ ಮನೆಗೆ ಇಂಗ್ಲಿಷಿನ ಕಿವಿ ಮಾತ್ರ. ಮೇಡಂ ಹಿಂದಿನ ಕೋಣೆಯ ಕುರ್ಚಿಯಲ್ಲಿ ಕೂತು ಒಂದು ವಾಕ್ಯ ಕೂಗುವುದು, ಇವಳು ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತ ಅದನ್ನು ತಿರುಗಿಸಿ ಕೂಗುವುದು. ಸೋಮವಾರ ‘ಇಲ್ಲ’ ಎನ್ನುವ ದಿನ, ಮಂಗಳವಾರ ಆಗಿಹೋದದ್ದರ ದಿನ, ಬುಧವಾರ ಪ್ರಶ್ನೆಯ ದಿನ. ಮಂಗಳವಾರ ಮೇಡಂ ‘ಟಾಮ್ ಈಟ್ಸ್ ಆ್ಯನ್ ಆಪಲ್’ ಎಂದರೆ ಇವಳು ‘ಟಾಮ್ ಏಟ್ ಆ್ಯನ್ ಆಪಲ್’ ಅನ್ನಬೇಕು. ಸರಿಯಿದ್ದರೆ ಆ ಕಡೆಯಿಂದ ಭೇಷ್ ಗೀಷ್ ಏನಿಲ್ಲ, ಸುಮ್ಮನೆ ಮುಂದಿನ ವಾಕ್ಯ. ತಪ್ಪಿದ್ದರೆ ಊರುಗೋಲಿನಿಂದ ನೆಲಕ್ಕೆ ಒಂದು ಕುಟ್ಟು. ಆ ಕುಟ್ಟು ಕೇಳಿದರೆ ನಾಗರತ್ನಾಳ ಕಿವಿ ಕೆಂಪಾಗುತ್ತಿತ್ತು. ಕುಟ್ಟು ಬಾರದ ಪ್ರತಿಯೊಂದು ವಾಕ್ಯಕ್ಕೂ ಅವಳು ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ಅದು ಅವಳದೇ ಪದ್ಧತಿ, ಮೇಡಂಗೆ ಗೊತ್ತಿಲ್ಲವೆಂದು ಅವಳ ನಂಬಿಕೆ. ಟಾಮ್ ಸೇಬು ತಿನ್ನುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಈಗೀಗ ಅವನು, ಮಳೆ ಬಾರದೆ ಇದ್ದಿದ್ದರೆ ನಾನು ಬಂದಿರುತ್ತಿದ್ದೆ, ಎನ್ನುವಂಥ ಸುತ್ತುಮಾತುಗಳನ್ನು ಆಡುತ್ತಿದ್ದ. ‘ಹೊಸ್ತಿಲು ದಾಟಿ ನಡುಮನೆಗೆ ಬಂದಿದ್ದೀಯ,’ ಎಂದು ಮೇಡಂ ಒಮ್ಮೆ ಹೇಳಿದ್ದರು, ‘ಇನ್ನು ಒಳಗಿನ ಕೋಣೆ ದೂರ ಇದೆ. ಬಹಳ ಜನ ನಡುಮನೇಲೇ ಕೂತು ಚಾ ಕುಡ್ದು ವಾಪಸ್ ಹೋಗ್ತಾರೆ. ನೀನು ಹಾಗೆ ಮಾಡ್ಬೇಡ.’ ಆ ಮಾತನ್ನು ಅವಳು ಹಲಸೂರಿನ ತನ್ನ ಬಾಡಿಗೆ ಕೋಣೆಗೆ ಒಯ್ದು ಎರಡು ದಿನ ಮೆಲುಕು ಹಾಕಿದ್ದಳು.

ಮಂಗಳವಾರ ಪಾಠ ತಡವಾಗಿತ್ತು, ಮೊದಲ ವಾಕ್ಯ ಬರುವ ಮೊದಲೇ ಹತ್ತೂಮುಕ್ಕಾಲಿಗೆ ಒಳಗೆ ಏನೋ ಬಿದ್ದ ಸದ್ದಾಯಿತು. ಪುಸ್ತಕ ಬಿದ್ದಿರಬೇಕು ಎಂದುಕೊಂಡಳು. ಆ ಕೋಣೆಯಲ್ಲಿ ದಿನಕ್ಕೆ ನಾಲ್ಕು ಪುಸ್ತಕ ಬೀಳುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಮೇಡಂ ದನಿ ಬಂತು: ‘ಐ ಯಾಮ್ ಆನ್ ದ ಫ್ಲೋರ್.’ ನಾನು ನೆಲದ ಮೇಲಿದ್ದೇನೆ. ಕುಕ್ಕರಿಗೆ ಬೇಳೆ ಹಾಕುತ್ತಿದ್ದ ನಾಗರತ್ನಾ ಕೂಗಿದಳು: ‘ಐ ವಾಸ್ ಆನ್ ದ ಫ್ಲೋರ್.’ ನೆಲದ ಮೇಲಿದ್ದೆ. ಕುಟ್ಟು ಬರಲಿಲ್ಲ. ಒಂದು ಗೀಟು. ಎರಡನೆಯದು, ನನ್ನ ಕಾಲು ಆಡುತ್ತಿಲ್ಲ. ಕಾಲು ಆಡಲಿಲ್ಲ ಎಂದು ಇವಳು. ಮೂರನೆಯದು, ಏಳಲಾರೆ. ಏಳಲಾರದೆ ಹೋದೆ. ಮೂರಕ್ಕೆ ಮೂರೂ ಸರಿ, ಇವತ್ತು ನಾಲಿಗೆ ಚೆನ್ನಾಗಿ ತಿರುಗುತ್ತಿದೆ ಎಂದು ಅವಳಿಗೆ ಒಳಗೊಳಗೇ ಹಿಗ್ಗು. ಏಳು ವಾಕ್ಯ ಬಂದವು, ಏಳಕ್ಕೂ ಉತ್ತರ ಹೋಯಿತು. ಎಂಟನೆಯದಕ್ಕೆ ಪೆನ್ಸಿಲು ಹಿಡಿದು ಕಾದಳು, ಎಂಟನೆಯದು ಬರಲಿಲ್ಲ. ಕುಕ್ಕರು ಎರಡು ಸಲ ಕೂಗಿತು. ಆಮೇಲೆ ಹೋದಳು. ಮೇಡಂ ಕುರ್ಚಿಗೂ ಮಂಚಕ್ಕೂ ನಡುವೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಸೀರೆ ಮೊಣಕಾಲಿನ ಮೇಲಕ್ಕೆ ಸರಿದಿತ್ತು, ಊರುಗೋಲು ಉರುಳಿ ಬೀರುವಿನ ಅಡಿಗೆ ಹೋಗಿತ್ತು. ಕುಟ್ಟಲು ಅವರ ಕೈಯಲ್ಲಿ ಕೋಲೇ ಇರಲಿಲ್ಲ. ಅವರು ಕಣ್ಣು ಬಿಟ್ಟುಕೊಂಡೇ ಇದ್ದರು. ಬಾಗಿಲಲ್ಲಿ ನಿಂತ ಇವಳನ್ನು ನೋಡಿದರು.

ಬಿದ್ದಾಗಲೇ ಮೂಳೆ ಮುರಿದಿದೆ, ಕಾಲುಗಂಟೆ ಹೆಚ್ಚುಕಡಿಮೆಯಾದರೆ ಏನೂ ಆಗುತ್ತಿರಲಿಲ್ಲ ಎಂದು ಮೂಳೆಯ ಡಾಕ್ಟರು ಆಮೇಲೆ ಹೇಳಿದರು. ಆ ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾಗರತ್ನಾ ಸುಳ್ಳು ಹೇಳುತ್ತಿರಲಿಲ್ಲವೋ ಏನೋ. ಆಂಬುಲೆನ್ಸಿನ ಹಿಂದೆಯೇ ಇಂದಿರಾನಗರದ ಬ್ಯಾಂಕಿನಿಂದ ಓಡಿಬಂದ ಆತಿಕಾ ಕೇಳಿದ ಮೊದಲ ಮಾತು, ‘ನೀವೆಲ್ಲಿದ್ರಿ?’ ಬೈಗುಳವಲ್ಲ, ಬರೀ ಪ್ರಶ್ನೆ. ನಾಗರತ್ನಾಳ ಬಾಯಿ ಅವಳನ್ನು ಒಂದು ಮಾತು ಕೇಳದೆ ತಾನೇ ಉತ್ತರ ಕೊಟ್ಟುಬಿಟ್ಟಿತು: ‘ಟೆರೇಸಲ್ಲಿದ್ದೆ ಮೇಡಂ, ಬಟ್ಟೆ ಒಣಗಾಕ್ತಿದ್ದೆ. ಏನೂ ಕೇಳಿಸ್ಲಿಲ್ಲ.’ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಏಜೆನ್ಸಿಯ ಶ್ವೇತ ಫೋನು ಮಾಡಿ, ಅದನ್ನೇ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿ ಕಳಿಸಬೇಕು, ಫೈಲಿಗೆ ಬೇಕು ಎಂದಳು. ನಾಗರತ್ನಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದಳು. ಮೇಡಂ ಬಿದ್ದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. ನನಗೆ ಏನೂ ಕೇಳಿಸಲಿಲ್ಲ. ಕೆಳಗೆ ಬಂದ ತಕ್ಷಣ ನೋಡಿದೆ. ಆಗಿಹೋದದ್ದರ ವಾಕ್ಯಗಳು, ಮಂಗಳವಾರದ ಪಾಠ. ಪೆನ್ನು ಒಂದು ಕಡೆಯೂ ತಡವರಿಸಲಿಲ್ಲ. ‘ಅಕ್ಕ, ಒಂದೇ ಒಂದು ಮಿಸ್ಟೇಕ್ ಇಲ್ಲ!’ ಎಂದು ಶ್ವೇತ ಹಾಡಿಹೊಗಳಿದಳು. ‘ನಮ್ಮಲ್ಲಿ ಇಷ್ಟು ನೀಟಾಗಿ ಯಾರೂ ಬರೆಯಲ್ಲ. ಇಂದಿರಾನಗರ ಆಫೀಸಿಗೆ ಒಬ್ರು ಕೋಆರ್ಡಿನೇಟರ್ ಬೇಕು ಅಂತ ಸರ್ ಕೇಳ್ತಿದ್ರು. ನಿಮ್ಮ ಹೆಸರು ಹೇಳ್ಲಾ?’ ಎರಡು ವರ್ಷ ಮೈಮುರಿದು ಕಲಿತ ಭಾಷೆಯಲ್ಲಿ ಅವಳು ಸ್ವಂತವಾಗಿ ಬರೆದ ಮೊದಲ ತಪ್ಪಿಲ್ಲದ ಕಾಗದ ಅದು. ಅದರಲ್ಲಿ ಒಂದು ವಾಕ್ಯವೂ ನಿಜವಿರಲಿಲ್ಲ.

ಇಷ್ಟೇ ಆಗಿದ್ದರೆ ಒಂದು ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವುದು ದೊಡ್ಡ ವಿಷಯವಲ್ಲ. ಊರಿನ ತುಂಬ ಜನ ಅದನ್ನೇ ಮಾಡುತ್ತಿದ್ದಾರೆ. ಆದರೆ ಗುರುವಾರ ಆತಿಕಾ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳ ಕೈ ಹಿಡಿದುಕೊಂಡು ಅತ್ತಳು. ಸೋದರತ್ತೆಯನ್ನು ಅವಳು ಫುಪ್ಪು ಎನ್ನುತ್ತಿದ್ದಳು. ‘ಫುಪ್ಪು ಏನೇನೋ ಹೇಳ್ತಿದಾರೆ ನಾಗರತ್ನಾ. ನಾನು ಕರೆದೆ, ಅವಳು ಉತ್ರ ಕೊಟ್ಳು ಅಂತಾರೆ. ಏಳು ಸಲ ಕರೆದ್ರಂತೆ, ನೀವು ಏಳು ಸಲ ಉತ್ರ ಕೊಟ್ರಂತೆ. ಏಳೂ ಸರಿ ಇತ್ತು ಅಂತಾರೆ. ಏನು ಸರಿ ಇತ್ತು ಅಂತ ಕೇಳಿದ್ರೆ ಗೋಡೆ ನೋಡ್ತಾರೆ.’ ಆಪರೇಷನ್ನಿನ ಮತ್ತಿರಬಹುದು ಎಂದುಕೊಂಡರಂತೆ. ಆ ಮತ್ತು ಇಳಿದಮೇಲೂ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮರೆವಿನ ಕಾಯಿಲೆ ಶುರುವಾಗಿರಬಹುದು, ಇಲ್ಲದ್ದು ಕೇಳಿಸುವುದೂ ಅದರ ಲಕ್ಷಣವೇ ಎಂದು ಯಾರೋ ಹೇಳಿದ್ದರು. ಹಾಗಿದ್ದರೆ ಒಬ್ಬರನ್ನೇ ಆ ಮನೆಯಲ್ಲಿ ಬಿಡುವಂತಿಲ್ಲ. ಕೆ.ಆರ್. ಪುರ ದಾಟಿ ಹೊಸಕೋಟೆ ರಸ್ತೆಯಲ್ಲಿ ಅಂಥವರನ್ನೇ ಇಟ್ಟುಕೊಳ್ಳುವ ಒಂದು ಹೋಂ ಇದೆ, ಆತಿಕಾ ಹೋಗಿ ನೋಡಿಕೊಂಡು ಬಂದಿದ್ದಳು. ಸ್ವಚ್ಛವಾಗಿದೆ. ಬಾಗಿಲಿಗೆ ಹೊರಗಿನಿಂದ ಚಿಲಕ. ಪುಸ್ತಕ ನಾಲ್ಕೈದು ಮಾತ್ರ ಇಟ್ಟುಕೊಳ್ಳಬಹುದು. ಡಾಕ್ಟರು ಶನಿವಾರ ನೋಡಿ ಬರೆದುಕೊಟ್ಟರೆ ಸೋಮವಾರವೇ ಅಲ್ಲಿಗೆ. ‘ಹೇಳಿ, ನೀವೇನಾದ್ರೂ ಮುಂಚೆನೇ ಗಮನಿಸಿದ್ರಾ? ಇಲ್ದೇ ಇರೋದು ಕೇಳಿಸೋದು, ಹಾಗೇನಾದ್ರೂ?’ ಎಂದು ಆತಿಕಾ ಕೇಳಿದಾಗ ನಾಗರತ್ನಾ ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಅವಳಿಗೇ ಗೊತ್ತಾಗದ ಹಾಗೆ ಆಡಿಸಿದಳು.

ಅದೇ ದಿನ ವಾರ್ಡಿನೊಳಗೆ ಹೋದಾಗ ಮೇಡಂ ಅವಳತ್ತ ತಿರುಗಲಿಲ್ಲ. ಮೂಗಿನ ನಳಿಕೆ ತೆಗೆದಿದ್ದರು, ಬಾಯಿ ಒಣಗಿತ್ತು. ಬಹಳ ಹೊತ್ತಿನ ಮೇಲೆ ಛಾವಣಿಯನ್ನು ನೋಡುತ್ತಲೇ ಕೇಳಿದರು, ‘ಬಟ್ಟೆ ಒಣಗಿತ್ತಾ?’ ಅವರ ಮನೆಯಲ್ಲಿ ಬಟ್ಟೆ ಒಗೆಯುವುದು ಸೋಮವಾರ ಮತ್ತು ಶುಕ್ರವಾರ. ಎರಡು ವರ್ಷದಲ್ಲಿ ಒಂದು ಸಲವೂ ಅದು ತಪ್ಪಿರಲಿಲ್ಲ. ನಾಗರತ್ನಾ ‘ಹೂಂ ಮೇಡಂ’ ಎಂದಳು. ಅವರು ‘ಅಚ್ಛಾ’ ಎಂದು ಕಣ್ಣು ಮುಚ್ಚಿದರು. ಇಷ್ಟು ಲೆಕ್ಕ ಇಟ್ಟಿರುವ ತಲೆಗೆ ಮರೆವು ಎಲ್ಲಿಂದ ಬಂದೀತು? ಆದರೆ ಅದನ್ನು ಬಲ್ಲವಳು ಪ್ರಪಂಚದಲ್ಲಿ ಒಬ್ಬಳೇ, ಅವಳು ಹೂಂ ಎಂದು ಹೊರಗೆ ಬಂದಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರಿಗೆ ಹೇಳಬೇಕು. ಆ ಸಂಜೆ ಗಂಡ ಭೀಮಾಶಂಕರ ವಿಮಾನಪುರದ ಕ್ಯಾಂಟೀನಿನ ಅಡುಗೆ ಮುಗಿಸಿ ಬಂದು ಕಾಲು ಚಾಚಿದಾಗ ಅವಳು ಹೇಳಿಬಿಟ್ಟಳು, ನಂಗ ಕೇಳಿಸಿತ್ತು ಎಂದು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ‘ಏನ್ ನೀ ದೂಡಿದ್ಯಾ ಆಕಿನ್ನ? ವಯಸ್ಸಾದ ಜೀವ, ಬಿದ್ದಾಳ. ನಿನ್ನ ಪಾಠ ಅಂತ ತಿಳ್ಕೊಂಡಿ ನೀ. ಸುಮ್ನ ಕೂಡು, ಇದ್ದ ಕೆಲ್ಸಕ್ಕೂ ಕಲ್ಲ್ ಹಾಕ್ಕೋಬ್ಯಾಡ.’ ಪಾಠವೆಂದು ತಿಳಿದುಕೊಂಡೆ. ಎಷ್ಟು ಸುಲಭವಾಗಿ ಹೇಳಿದ! ಆ ಮಾತನ್ನು ಹಾಗೇ ಎತ್ತಿಕೊಂಡು ಹೋಗಿ ಆತಿಕಾಳ ಮುಂದೆ ಇಟ್ಟರೆ ಅವಳೂ ಅತ್ತು ಕ್ಷಮಿಸಿಬಿಡುತ್ತಿದ್ದಳು. ಮೂರನೆಯ ಗೀಟಿನವರೆಗೆ ಅದು ನಿಜವೂ ಹೌದು.

ಮೂರನೆಯ ಗೀಟಿನವರೆಗೆ. ನಾಗರತ್ನಾ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದು ಫೋನು ಬಂದಿತ್ತು, ಮೇಡಂ ಅವರ ಹಳೆಯ ವಿದ್ಯಾರ್ಥಿನಿ ಯಾರೋ. ಮೇಡಂ ಸ್ಪೀಕರು ಹಾಕಿ, ಚಹಾ ತಂದ ಇವಳಿಗೆ ‘ಮಾತಾಡು, ಮಾತಾಡು’ ಎಂದು ಒತ್ತಾಯ ಮಾಡಿದರು. ಇವಳು ಹಿಂದಿನ ದಿನದಿಂದ ಕಟ್ಟಿಟ್ಟುಕೊಂಡಿದ್ದ ಒಂದು ಉದ್ದ ವಾಕ್ಯವನ್ನು ತೆಗೆದಳು, ಅದು ನಡುವಿನಲ್ಲೇ ಮುರಿದು ಬಿತ್ತು. ಆ ಕಡೆಯ ಹೆಂಗಸು ನಕ್ಕಳು. ಮೇಡಂ ಕೂಡ ನಕ್ಕರು, ಆಮೇಲೆ ಇಂಗ್ಲಿಷಿನಲ್ಲಿ ಅವಸರವಾಗಿ ಹೇಳಿದರು: ಮಂದ ಬುದ್ಧಿ, ಆದರೆ ಪಾಪ ಹೇಳಿದ್ದು ಕೇಳುತ್ತಾಳೆ, ನನ್ನ ಕೊನೆಯ ಶಿಷ್ಯೆ, ಸಿಕ್ಕಿದ್ದರಲ್ಲಿ ಸಂಸಾರ ಮಾಡಬೇಕಲ್ಲ. ಎರಡು ವರ್ಷದ ಹಿಂದಾಗಿದ್ದರೆ ಈ ಮಾತು ನಾಗರತ್ನಾಳ ತಲೆಯ ಮೇಲೆ ಹಾರಿ ಕಿಟಕಿಯಿಂದಾಚೆ ಹೋಗುತ್ತಿತ್ತು. ಈಗ ಪ್ರತಿಯೊಂದು ಶಬ್ದವೂ ಸಿಕ್ಕಿತು. ಬೈಗುಳ ಅರ್ಥವಾಗುವಷ್ಟು ಭಾಷೆ ಕಲಿಸಿದವರೂ ಅವರೇ. ಅವಳು ಖಾಲಿ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಅದನ್ನು ಎರಡು ಸಲ ತೊಳೆದಳು. ಬೆಂಗಳೂರಿಗೆ ಬಂದ ಹೊಸದರಲ್ಲಿ ಅವಳ ಕನ್ನಡವನ್ನೇ ಜನ ಆಡಿಕೊಂಡು ನಕ್ಕಿದ್ದರು. ಬಸ್ಸಿನಲ್ಲಿ ‘ಎಲ್ಲಿ ಇಳೀತೀರ್ರಿ’ ಎಂದರೆ ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅದಕ್ಕಾಗಿ ಆ ಕನ್ನಡದ ಬಾಲ ಕೊಯ್ದು ಈ ಊರಿನ ಕನ್ನಡ ಹಾಕಿಕೊಂಡಳು. ಅದರ ಮೇಲೆ ಇಂಗ್ಲಿಷು ಹಾಕಿಕೊಂಡಳು. ಇಷ್ಟು ಹಾಕಿಕೊಂಡರೂ ಒಳಗಿನ ಮಂದಬುದ್ಧಿ ಕಾಣುತ್ತದೆಯೇ?

ಆ ಉರಿ ಹತ್ತೂಮುಕ್ಕಾಲಿಗೂ ಆರಿರಲಿಲ್ಲ. ಮೂರು ವಾಕ್ಯ ಆದಮೇಲೆ ನಾಲ್ಕನೆಯದು ಬಂತು. ‘ಐ ಯಾಮ್ ಕಾಲಿಂಗ್ ಯೂ, ನಾಗರತ್ನಾ.’ ನಿನ್ನನ್ನು ಕರೆಯುತ್ತಿದ್ದೇನೆ. ಎರಡು ವರ್ಷದ ಪಾಠದಲ್ಲಿ ಮೇಡಂ ಒಂದು ದಿನವೂ ಅವಳ ಹೆಸರನ್ನು ವಾಕ್ಯದೊಳಗೆ ತಂದಿರಲಿಲ್ಲ. ಅಲ್ಲಿ ಇರುತ್ತಿದ್ದವರು ಟಾಮ್, ಮೇರಿ, ಮಿಸ್ಟರ್ ಬ್ರೌನ್. ಹೆಸರಿನ ಕೊನೆಯಲ್ಲಿ ದನಿ ಬಿರುಕು ಬಿಟ್ಟಿತ್ತು. ಆಗ ಅವಳ ಕೈ ನಿಂತಿತು. ಒಂದು ಕ್ಷಣ, ಹೆಚ್ಚೆಂದರೆ ಎರಡು. ಆ ಎರಡು ಕ್ಷಣದಲ್ಲಿ ಅವಳಿಗೆ ಗೊತ್ತಾಯಿತು, ಒಳಗೆ ಏನೋ ಆಗಿದೆ ಎಂದು. ಗೊತ್ತಾದಮೇಲೆ ಅವಳು ಬಾಯಿ ತೆರೆದು, ಬಹಳ ಸ್ಪಷ್ಟವಾಗಿ, ‘ಐ ವಾಸ್ ಕಾಲಿಂಗ್ ಯೂ, ನಾಗರತ್ನಾ’ ಎಂದಳು. ಕರೆಯುತ್ತಿದ್ದೆ. ಗೀಟು ಎಳೆದಳು. ಇನ್ನೊಂದು ಸಲ ಕೂಗಲಿ. ಮಂದಬುದ್ಧಿಯವಳಿಗೆ ನಿಧಾನಕ್ಕೆ ಅರ್ಥವಾಗುತ್ತದೆ ಎಂದು ಅವರಿಗೇ ಗೊತ್ತಲ್ಲ. ಐದನೆಯದು, ಫೋನು ದೂರ ಇದೆ. ದೂರ ಇತ್ತು. ಆರನೆಯದರಲ್ಲಿ ಮೇಡಂ ‘ಇಟ್ ಈಸ್ ಪೇನಿಂಗ್’ ಎಂದರು. ನೋಯುತ್ತಿದೆ ಎನ್ನುವುದಕ್ಕೆ ಆ ಮಾತು ಆಡಿದ್ದಕ್ಕೇ ಅವರು ಇವಳಿಗೆ ಎಷ್ಟು ಸಲ ಕುಟ್ಟಿದ್ದರು, ಅದು ಬಜಾರಿನ ಇಂಗ್ಲಿಷು ಎಂದು ಎಷ್ಟು ಸಲ ಹಂಗಿಸಿದ್ದರು. ಇವಳು ಅವರು ಕಲಿಸಿದ ಸರಿಯಾದ ಮಾತನ್ನೇ ಹಾಕಿ, ‘ಇಟ್ ವಾಸ್ ಹರ್ಟಿಂಗ್’ ಎಂದು ತಿದ್ದಿ ತಿರುಗಿಸಿದಳು. ಆಗ ಆದ ಸುಖವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಏಳನೆಯದು ಬಹಳ ಸಣ್ಣಗೆ ಬಂತು: ಯಾರೂ ಬರುತ್ತಿಲ್ಲ. ಅದಕ್ಕೂ ಉತ್ತರ ಕೊಟ್ಟಳು.

ಅವಳು ಎದ್ದು ಕ್ಯಾಲೆಂಡರಿನ ಆ ತಿಂಗಳ ಹಾಳೆಯನ್ನು ಹರಿದಳು. ಸುಟ್ಟುಬಿಡೋಣ ಎಂದುಕೊಂಡು ಹರಿದದ್ದು. ಗ್ಯಾಸಿನ ಮುಂದೆ ನಿಂತವಳು ಅದನ್ನು ನಾಲ್ಕು ಮಡಿಕೆ ಮಾಡಿ ನೈಟಿಗಳ ನಡುವೆ ಇಟ್ಟಳು. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕನ್ನಡಕ, ರೇಡಿಯೋ ಎಲ್ಲ ಚೀಲಕ್ಕೆ ಹಾಕಿ ಬೀಗ ಹಾಕಿದಳು. ಬೀದಿಯಲ್ಲಿ ಸಿಕ್ಕ ಆಟೋದವನ ಹೆಸರು ಹಬೀಬ್ ಎಂದು ಸೀಟಿನ ಹಿಂದೆ ಬರೆದಿತ್ತು. ಶಿವಾಜಿನಗರದ ಹತ್ತಿರ ಜಾಮಿನಲ್ಲಿ ನಿಂತಾಗ ಶ್ವೇತ ಫೋನು ಮಾಡಿದಳು. ‘ಅಕ್ಕ, ಡಾಕ್ಟ್ರು ಕೇಳಿದ್ರೆ ಬರೆದುಕೊಟ್ಟಿರೋದನ್ನೇ ಹೇಳಿ, ಆಯ್ತಾ? ಒಂದಕ್ಕೊಂದು ಟ್ಯಾಲಿ ಆಗ್ಬೇಕು. ಕೇಳಿಸ್ತಾ?’ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾಗರತ್ನಾ ಬೆಚ್ಚಿ, ‘ಏನು ಕೇಳಿಸ್ತಾ?’ ಎಂದಳು. ‘ನಾನ್ ಹೇಳಿದ್ದು ಅಕ್ಕ. ಲೈನ್ ಸರಿ ಇಲ್ವಾ? ಸೋಮವಾರ ಹತ್ತಕ್ಕೆ ಆಫೀಸಿಗೆ ಬನ್ನಿ, ಸರ್ ನೋಡ್ತಾರಂತೆ.’ ಫೋನು ಇಟ್ಟಮೇಲೆ ಅವಳು ‘ಜಲ್ದಿ ನಡೀರಿ ಅಣ್ಣಾ, ಹೊತ್ತಾಗಾಕತ್ತೇತಿ’ ಎಂದಳು. ಆಟೋದವನು ಕನ್ನಡಿಯಲ್ಲಿ ನೋಡಿ ನಕ್ಕ. ‘ಗುಲ್ಬರ್ಗಾ ಕಡೆಯವ್ರಾ ಅಕ್ಕ?’ ಇಷ್ಟು ವರ್ಷ ಕೊಯ್ದಿಟ್ಟ ಬಾಲ ಅದು, ಈಗ ಎಲ್ಲಿಂದಲೋ ಮತ್ತೆ ಬಂದು ಕೂತಿತ್ತು.

ಡಾಕ್ಟರು ನಾಲ್ಕಕ್ಕೆ ಹತ್ತು ನಿಮಿಷ ಮೊದಲೇ ಬಂದರು. ವಯಸ್ಸು ನಲವತ್ತರ ಒಳಗೆ, ಮೆತ್ತನೆಯ ದನಿ, ಕೈಯಲ್ಲಿ ಒಂದು ಪ್ಯಾಡು. ಮೇಡಂ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದರು. ಮುಖ ಬಾಡಿ ಸಣ್ಣಗಾಗಿತ್ತು. ಆತಿಕಾ ಕಿಟಕಿಯ ಹತ್ತಿರ ನಿಂತಿದ್ದಳು, ನಾಗರತ್ನಾ ಚೀಲ ಹಿಡಿದುಕೊಂಡು ಬಾಗಿಲ ಹತ್ತಿರ. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು, ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು. ಮೇಡಂ ಸರಸರನೆ ಕಳೆದು ಎರಡಕ್ಕೆ ಬಂದು ನಿಂತರು. ಡಾಕ್ಟರು ಮುಗುಳುನಕ್ಕರು. ಆತಿಕಾ ಒಮ್ಮೆ ಉಸಿರುಬಿಟ್ಟಳು. ಆಮೇಲೆ ಅವರು, ‘ಬಿದ್ದ ದಿನ ಏನಾಯ್ತು, ಹೇಳ್ತೀರಾ?’ ಎಂದರು.

‘ಎಷ್ಟು ಸಲ ಹೇಳ್ಬೇಕು?’ ಎಂದರು ಮೇಡಂ. ‘ನಾನು ಕರೆದೆ. ಇವಳು ಉತ್ತರ ಕೊಟ್ಳು. ಏಳೂ ಸರಿ ಇತ್ತು.’

ಡಾಕ್ಟರು ಪ್ಯಾಡಿನಲ್ಲಿ ಏನೋ ಬರೆದರು. ಆ ಬರೆಯುವ ಸದ್ದು ನಾಗರತ್ನಾಳಿಗೆ ಬಾಗಿಲವರೆಗೆ ಕೇಳಿಸಿತು. ಆತಿಕಾ ಕಿಟಕಿಯ ಕಡೆಗೆ ತಿರುಗಿಬಿಟ್ಟಳು. ಡಾಕ್ಟರು ಬಾಗಿಲ ಕಡೆ ನೋಡಿ ಕೇಳಿದರು, ‘ನೀವು ಆಗ ಎಲ್ಲಿದ್ರಮ್ಮ?’

ಟೆರೇಸು ಎನ್ನುವ ಶಬ್ದ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಬರೆದುಕೊಟ್ಟ ಕಾಗದ ಇತ್ತು, ಸೋಮವಾರ ಹತ್ತು ಗಂಟೆ ಇತ್ತು. ಮೇಡಂ ಈಗ ಅವಳನ್ನೇ ನೋಡುತ್ತಿದ್ದರು. ಕನ್ನಡಕವಿಲ್ಲದ ಆ ಕಣ್ಣಿಗೆ ಬಾಗಿಲಲ್ಲಿ ನಿಂತವಳ ಮುಖ ಕಾಣುತ್ತಿತ್ತೋ ಇಲ್ಲವೋ.

‘ಅಡಗಿ ಮನ್ಯಾಗ ಇದ್ದೆನ್ರಿ,’ ಎಂದಳು ನಾಗರತ್ನಾ. ಮಾತು ಯಾವ ಊರಿನದೆಂದು ನೋಡುವಷ್ಟು ವ್ಯವಧಾನ ಅವಳಿಗಿರಲಿಲ್ಲ. ‘ಮ್ಯಾಲ ಹೋಗಿದ್ದಿಲ್ಲ. ಬಟ್ಟಿ ಒಗಿಯೋ ದಿನಾನ ಅಲ್ಲ ಅದು. ಅವರು ಕರದ್ರು, ನಂಗ ಕೇಳಿಸ್ತು. ಅವರು ಹೇಳೋದು ಖರೇನ ಐತ್ರಿ. ಏಳು ಸಲ ಕರದ್ರು, ಏಳು ಸಲ ನಾ ಪಾಠದ ಉತ್ತರ ಕೊಟ್ಟೀನಿ.’

ಆತಿಕಾ ತಿರುಗಿದಳು. ‘ಏನು? ಏನು ಹೇಳ್ತಿದೀರಿ ನೀವು?’

ನಾಗರತ್ನಾ ಪಾಠದ ಪದ್ಧತಿಯನ್ನು ಹೇಳಿದಳು. ಹತ್ತರಿಂದ ಹನ್ನೆರಡು, ಇವರು ಕೂಗುವುದು, ತಾನು ತಿರುಗಿಸುವುದು, ಸರಿಯಾದರೆ ಸುಮ್ಮನಿರುವುದು. ಹೇಳುತ್ತ ಹೇಳುತ್ತ ಚೀಲದಿಂದ ಹಾಳೆಯನ್ನು ತೆಗೆದು ಬಿಡಿಸಿದಳು. ಡಾಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ಅವರಿಗೆ ಒಂದು ಕ್ಯಾಲೆಂಡರು ಮಾತ್ರ ಕಂಡಿತು. ಮೇಡಂ ಕೈ ಚಾಚಿದರು. ‘ಇಲ್ಲಿ ಕೊಡಿ. ನನ್ನ ಕನ್ನಡಕ.’ ನಾಗರತ್ನಾ ಸೆರಗಿನಿಂದ ಒರೆಸಿ ಕೊಟ್ಟಳು. ಅವರು ಹಾಕಿಕೊಂಡು, ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಮಂಗಳವಾರದ ಚೌಕದ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಸಲ ಆಡಿಸಿ ಮತ್ತೆ ಮೊದಲಿನಿಂದ ಆಡಿಸಿದರು.

‘ಫುಪ್ಪು, ಪಾಠ ಅಂದ್ಕೊಂಡಿದಾರೆ ಅವ್ರು,’ ಎಂದಳು ಆತಿಕಾ. ಅಳುತ್ತಿದ್ದಳೋ ನಗುತ್ತಿದ್ದಳೋ. ‘ಗೊತ್ತಾಗಿಲ್ಲ ಅವ್ರಿಗೆ. ನಾನು ನಿಮ್ಮನ್ನ ಎಲ್ಲಿಗೆ ಕಳಿಸಕ್ಕೆ ಹೊರಟಿದ್ದೆ, ಯಾ ಅಲ್ಲಾ...’

ಮೇಡಂ ಅವಳ ಮಾತನ್ನು ಕೈಯಿಂದ ತಡೆದರು. ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸುವಾಗ ಹೇಗೆ ಕೇಳುತ್ತಿದ್ದರೋ ಹಾಗೆ, ಸಿಟ್ಟಿಲ್ಲದೆ ಕೇಳಿದರು.

‘ಎಷ್ಟನೇದ್ರಲ್ಲಿ ಗೊತ್ತಾಯ್ತು ನಿಂಗೆ?’

ಆತಿಕಾಳಿಗೂ ಡಾಕ್ಟರಿಗೂ ಆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾದವಳು ನಾಗರತ್ನಾ ಒಬ್ಬಳೇ. ಏಳನೆಯದರಲ್ಲಿ ಎನ್ನಬಹುದು. ಏಳು ಆದಮೇಲೆ ಎನ್ನಬಹುದು. ಆತಿಕಾ ಆಗಲೇ ಕ್ಷಮಿಸಿಯಾಗಿತ್ತು, ಅವಳ ಮುಖದಲ್ಲೇ ಅದು ಕಾಣುತ್ತಿತ್ತು. ಒಂದೇ ಒಂದು ಅಂಕಿ ಬದಲಿಸಿದರೆ ಸಾಕು, ಕೆಲಸ ಉಳಿಯುತ್ತದೆ, ಹೆಸರು ಉಳಿಯುತ್ತದೆ, ಮೇಡಂ ಮನೆಗೆ ಹೋಗುತ್ತಾರೆ, ಮಂಗಳವಾರಗಳು ಮೊದಲಿನ ಹಾಗೆ ಬರುತ್ತವೆ.

‘ನಾಲ್ಕನೇದ್ರಾಗ,’ ಎಂದಳು.

ಮೇಡಂ ತಲೆಯಾಡಿಸಿದರು. ‘ಹೌದು. ನಾಲ್ಕನೇದಕ್ಕೆ ನಿನ್ನ ದನಿ ಬದಲಾಯ್ತು. ನಲವತ್ತು ವರ್ಷ ಹುಡುಗೀರ ದನಿ ಕೇಳಿದೀನಿ.’ ಹಾಳೆಯನ್ನು ಮಡಿಸಿದರು. ‘ಆಮೇಲಿನ ಮೂರು ಕೂಗಿದ್ದು ನೋವಿಗಲ್ಲ. ಗೊತ್ತಾದಮೇಲೆ ಬರ್ತೀಯೋ ಇಲ್ವೋ ನೋಡೋಣ ಅಂತ.’

ಡಾಕ್ಟರು ಪ್ಯಾಡಿನಲ್ಲಿ ಬರೆದದ್ದನ್ನು ಗೀಟು ಹಾಕಿ ಹೊಡೆದು, ಇವರ ತಲೆಗೆ ಏನೂ ಆಗಿಲ್ಲ ಎಂದು ಆತಿಕಾಳಿಗೆ ಮೆಲ್ಲಗೆ ಹೇಳಿ ಹೊರಟುಹೋದರು. ಆತಿಕಾಳ ಮುಖದ ಮೇಲೆ ಅರ್ಥ ತಡವಾಗಿ ಇಳಿಯಿತು. ‘ಗೊತ್ತಾಗಿ ಕೂತಿದ್ರಾ?’ ಎಂದಳು. ‘ಗೊತ್ತಾಗಿ, ಅಡುಗೆ ಮಾಡ್ತಾ ಕೂತಿದ್ರಾ ನೀವು?’ ‘ಹೋಗಿ ಇಲ್ಲಿಂದ. ಏಜೆನ್ಸಿಗೆ ನಾನೇ ಫೋನ್ ಮಾಡ್ತೀನಿ. ಆ ಮನೆ ಬೀಗದ ಕೈ ಇಟ್ಟು ಹೋಗಿ.’

ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ನೈಟಿಗಳನ್ನು ಕುರ್ಚಿಯ ಮೇಲೆ ಒಂದರ ಮೇಲೊಂದು ಇಟ್ಟಳು, ರೇಡಿಯೋವನ್ನು ದಿಂಬಿನ ಪಕ್ಕಕ್ಕೆ ಇಟ್ಟಳು. ಏಜೆನ್ಸಿ, ಶ್ವೇತ, ಸೋಮವಾರ, ಎಲ್ಲ ಹೋಯಿತು ಎಂದು ಗೊತ್ತಿತ್ತು. ಭೀಮಾಶಂಕರನಿಗೆ ಹೇಗೆ ಹೇಳುವುದೆಂದು ಗೊತ್ತಿರಲಿಲ್ಲ. ಎದೆ ಹಗುರಾಗುತ್ತದೆ ಎಂದು ಎಲ್ಲೋ ಆಸೆಯಿತ್ತು, ಆಗಲಿಲ್ಲ. ಬಾಗಿಲು ದಾಟಿ ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ಹೋಗಿದ್ದಳು.

‘ನಾಗರತ್ನಾ.’

ದನಿ ದೊಡ್ಡದೇನೂ ಅಲ್ಲ. ಅವಳು ತಿರುಗಿ, ಇನ್ನೊಂದು ಸಲ ಕರೆಯಲು ಬಿಡದೆ, ಓಡಿಬಂದು ಮಂಚದ ಪಕ್ಕದಲ್ಲಿ ನಿಂತಳು.

‘ನೀರು,’ ಎಂದರು ಮೇಡಂ.

ಅವಳು ಲೋಟಕ್ಕೆ ನೀರು ಬಗ್ಗಿಸಿ, ಎಡಗೈಯಿಂದ ಅವರ ಕುತ್ತಿಗೆಯನ್ನು ಎತ್ತಿ ಹಿಡಿದು ಕುಡಿಸಿದಳು. ಎರಡು ವರ್ಷದಿಂದ ರೂಢಿಯಾಗಿದ್ದ ಭಾರ ಅದು, ಈಗ ಸ್ವಲ್ಪ ಕಡಿಮೆಯಾಗಿತ್ತು. ಮೇಡಂ ನಿಧಾನವಾಗಿ, ನಡುನಡುವೆ ನಿಲ್ಲಿಸಿ, ಪೂರ್ತಿ ಲೋಟ ಕುಡಿದರು. ಅವರ ಗಲ್ಲದ ಮೇಲೆ ಇಳಿದ ಹನಿಯನ್ನು ನಾಗರತ್ನಾ ಸೆರಗಿನಿಂದ ಒರೆಸಿದಳು.

‘ಈಗ ಹೋಗು,’ ಎಂದರು.